ರವಿವಾರದ ಸೀತನಿ

ಪುಣೆಯಲ್ಲಿ ಚಳಿ ಬಿತ್ತೆಂದು ತಿಳಿಯಲು ಸ್ವೆಟರ್ ಬೇಕಿಲ್ಲ, ಫೋನು ಸಾಕು. ಡಿಸೆಂಬರ್ ಬಂತೆಂದರೆ ‘ಹುರ್ಡಾ ಪಾರ್ಟಿ’ಯ ಚಿತ್ರಗಳು ಬಂದು ಬೀಳತೊಡಗುತ್ತವೆ. ಹಸಿರು ತೆನೆ, ಎತ್ತಿನ ಬಂಡಿ, ಫೇಟಾ ಸುತ್ತಿದ ಮೀಸೆಯವನು, ಕೆಳಗೆ ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಅದರ ಅರ್ಧ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟ ನಮ್ಮಂಥವರ ಬಾಯಲ್ಲಿ ಆ ಹುರ್ಡಾ, ಅಂದರೆ ಕೆಂಡದಲ್ಲಿ ಸುಟ್ಟ ಎಳೆ ಜೋಳ, ಸೀತನಿ. ದುಡ್ಡು ಕೊಟ್ಟು ಸೀತನಿ ತಿನ್ನುವುದೆಂದರೆ ಮೊದಮೊದಲು ಬೆಳದಿಂಗಳಿಗೆ ಕರೆಂಟ್ ಬಿಲ್ ಕಟ್ಟಿದ ಹಾಗೆ ಅನ್ನಿಸುತ್ತಿತ್ತು. ಈಗ ರೂಢಿಯಾಗಿದೆ. ಹಡಪಸರದ ನಮ್ಮ ಸೊಸೈಟಿಯ ಕನ್ನಡದ ಮನೆಗಳೆಲ್ಲ ಸೇರಿ ಟೆಂಪೋ ಮಾಡಿಕೊಂಡು ಸೊಲ್ಲಾಪುರ ರಸ್ತೆ ಹಿಡಿಯುತ್ತೇವೆ.

ಸೀತನಿ ಎಂಬುದು ಜೋಳದ ಒಂದು ವಯಸ್ಸು, ಅದೂ ಬಹಳ ಸಣ್ಣ ವಯಸ್ಸು. ತೆನೆ ಹೊರಬಿದ್ದು ಹೂವಾಡಿದ ಮೇಲೆ ಕಾಳಿಗೆ ಹಾಲು ತುಂಬುತ್ತದೆ. ಉಗುರಿನಿಂದ ಒತ್ತಿದಾಗ ಬಿಳಿ ಹಾಲು ಚಿಮ್ಮಿದರೆ ಇನ್ನೂ ಕಾಯಬೇಕು. ನಾದಿದ ಹಿಟ್ಟಿನಂಥದ್ದು ಮೆತ್ತಗೆ ಬಂದರೆ ಹದ. ಉಗುರು ಇಳಿಯದಿದ್ದರೆ ಸೀತನಿ ಮುಗಿಯಿತು, ಇನ್ನು ಅದು ರೊಟ್ಟಿಯ ಸರಕು. ಎಳೆಗಾಳಿನ ಸಕ್ಕರೆಯೆಲ್ಲ ದಿನದಿಂದ ದಿನಕ್ಕೆ ಪಿಷ್ಟವಾಗುತ್ತ ಹೋಗುತ್ತದೆ, ಸಿಹಿ ಕಳೆಯುತ್ತದೆ. ಮಾಲದಂಡಿ ಜೋಳ ಬಿತ್ತಿದಂದಿನಿಂದ ಕೊಯ್ಲಿಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು. ಅದರಲ್ಲಿ ಸೀತನಿಯ ಪಾಲು ಒಂದು ವಾರವಿದ್ದರೆ ಹೆಚ್ಚು. ಒಕ್ಕಲುತನದ ಮಾತುಗಳಲ್ಲಿ ಈ ‘ಹದ’ದಷ್ಟು ಸತಾಯಿಸುವುದು ಇನ್ನೊಂದಿಲ್ಲ. ನೆಲಕ್ಕೆ ಬಿತ್ತುವ ಹದ, ಕಳೆಗೆ ಕೀಳುವ ಹದ, ತೆನೆಗೆ ಮುರಿಯುವ ಹದ. ಯಾವುದೂ ತಾರೀಖು ಹೇಳಿ ಬರುವುದಿಲ್ಲ.

ತಾರೀಖಿನ ಬದಲು ನಮ್ಮ ಕಡೆ ಇರುವುದು ನಕ್ಷತ್ರಗಳು, ಒಟ್ಟು 27. ಸೂರ್ಯ ಒಂದೊಂದರಲ್ಲಿ 13–14 ದಿನ ತಂಗುತ್ತಾನೆ, ಆಗ ಬಿದ್ದ ಮಳೆಗೆ ಆ ನಕ್ಷತ್ರದ ಹೆಸರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎನ್ನುವುದು ಮುಂಗಾರಿಯ ಮಾತಾಯಿತು. ಹಿಂಗಾರಿಯ ಬಿಳಿಜೋಳಕ್ಕೆ ಸೆಪ್ಟೆಂಬರ್ ನಡುವಿನ ಉತ್ತರಿ, ಅದರ ಬೆನ್ನಿಗೆ ಬರುವ ಹಸ್ತ, ತಪ್ಪಿದರೆ ಅಕ್ಟೋಬರಿನ ಚಿತ್ತಿ. ಅವಸರ ಮಾಡಿ ಮೊದಲೇ ಬಿತ್ತಿದರೆ ಸುಳಿನೊಣ ತಿನ್ನುತ್ತದೆ, ತಡ ಮಾಡಿದರೆ ನೆಲದ ತೇವ ಸಾಲುವುದಿಲ್ಲ. ಬಿತ್ತಿದ ಮೇಲೆ ಮಳೆ ಬಂದರೂ ಸರಿ, ಬರದಿದ್ದರೂ ಸರಿ; ಕಪ್ಪು ಮಣ್ಣಿನ ಎರೆಭೂಮಿ ತನ್ನ ಹೊಟ್ಟೆಯೊಳಗೆ ಹಿಡಿದಿಟ್ಟುಕೊಂಡ ನೀರಿನ ಮೇಲೇ ಬೆಳೆ ಬರಬೇಕು.

ಈ ಹಿಡಿದಿಡುವುದು ಸುಮ್ಮನೆ ಆಗುವುದಿಲ್ಲ. ಚಳಿಗಾಲದಲ್ಲಿ ಎರೆನೆಲ ಬಿರಿಯುತ್ತದೆ, ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಅಲ್ಲಿಂದ ತೇವವೆಲ್ಲ ಆರಿಹೋಗುತ್ತದೆ, ಎಳೆಬೇರು ಹರಿಯುತ್ತದೆ. ಅದಕ್ಕೇ ಒಂದು ಕಡ್ಡಿ ಕಳೆ ಇಲ್ಲದ ಹೊಲದಲ್ಲೂ ಎಡೆ ಹೊಡೆಯುತ್ತಾರೆ, ಅಂದರೆ ಸಾಲುಗಳ ನಡುವೆ ಎತ್ತಿನಿಂದ ಕುಂಟೆ ಎಳೆಸುತ್ತಾರೆ. ಎಡೆಕುಂಟೆ ಹಾದುಹೋದಲ್ಲಿ ಬಿರುಕಿಗೆ ಮಣ್ಣು ಬಿದ್ದು ಮುಚ್ಚುತ್ತದೆ, ಮೇಲೊಂದು ಪುಡಿಮಣ್ಣಿನ ಹೊದಿಕೆ ಕೂತು ಕೆಳಗಿನ ತೇವ ಮೇಲೇರದಂತೆ ತಡೆಯುತ್ತದೆ. ಕಳೆಯಿಲ್ಲದ ಹೊಲದಲ್ಲಿ ಎತ್ತು ಓಡಾಡಿಸುವವನನ್ನು ಕಂಡು ಪೇಟೆಯವರು ನಕ್ಕಿರಬಹುದು. ಆದರೆ 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದಾಗ ವಿಜ್ಞಾನಿಗಳು ಹೇಳಿದ್ದರಲ್ಲೂ ಇದು ಇತ್ತು: ಬದು ಹಾಕಿ, ಸಾಲು ಅಗಲ ಮಾಡಿ, ಬೀಜ ಕಡಿಮೆ ಹಾಕಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ. ಆಗ ಈ ಎರಡೂ ಊರು ಮುಂಬಯಿ ಪ್ರಾಂತದಲ್ಲಿದ್ದವು. ಗಡಿ ಆಮೇಲೆ ಬಂತು. ಜೋಳಕ್ಕೆ ಅದರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹೋದ ಸಲ, ಜನವರಿಯ ಕೊನೆಗೆ, ಇಂಡಿ ತಾಲೂಕಿನಿಂದ ಮಗಳ ಮನೆಗೆ ಬಂದಿದ್ದ ನಮ್ಮ ಕಾಕಾ ಕೂಡ ಟೆಂಪೋ ಹತ್ತಿದರು. ಹೊಲಕ್ಕೆ ಇಳಿದವರೇ ನಾವೆಲ್ಲ ಬಂಡಿಯ ಮುಂದೆ ಫೋಟೋಕ್ಕೆ ನಿಂತಿದ್ದಾಗ ಸಾಲಿನೊಳಗೆ ಹೊಕ್ಕರು. ಸ್ವಲ್ಪ ಹೊತ್ತಿಗೆ ಒಳಗಿಂದಲೇ ದನಿ ಬಂತು.

“ತಮ್ಮಾ, ಇಲ್ಲಿ ಬಾ. ಹಿಂಗಾರಿ ಜ್ವಾಳಕ್ಕ ಪೈಪ್ ಹಾಕ್ಯಾರಲ್ಲೋ!”

ಬುಡದಲ್ಲಿ ಕರಿ ಹನಿ ನೀರಾವರಿ ಪೈಪು ಹಾವಿನಂತೆ ಮಲಗಿರಲಿಲ್ಲ. ಹೊಲದ ಯಜಮಾನರ ಕೆಲಸದಂತೆ ನೆಟ್ಟಗೆ, ಗೂಟ ಹೊಡೆಸಿಕೊಂಡು ಶಿಸ್ತಾಗಿತ್ತು. ಗಡಿಯ ಜನರಿಗೆ ಮರಾಠಿ ಪರಕೀಯವಲ್ಲ. ಕಾಕಾ ನೇರ ಯಜಮಾನರನ್ನೇ ಕೇಳಿದರು, ಇದನ್ನು ಯಾವ ಮಳೆಗೆ ಬಿತ್ತಿದಿರಿ ಎಂದು. ಅವರು ನಗುತ್ತ ಹೊಲ ತೋರಿಸಿದರು. ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಎಂಟು ದಿನ ಬಿಟ್ಟು ಬಿತ್ತಿದ್ದಾರೆ. ಮೊದಲನೆಯದು ಉತ್ತರಿಯಲ್ಲಿ. ಕೊನೆಯದು ನವೆಂಬರಿನಲ್ಲಿ, ಅಂದರೆ ನಮ್ಮ ಊರಲ್ಲಿ ಬಿತ್ತುವ ಕೂರಿಗೆ ಅಟ್ಟ ಸೇರಿದ ಮೇಲೆ. ಹೀಗೆ ಮಾಡಿದರೇ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿ ರವಿವಾರ ಯಾವುದಾದರೊಂದು ಪಟ್ಟಿ ಹದಕ್ಕೆ ಬಂದಿರುತ್ತದೆ. ತಡವಾಗಿ ಬಿತ್ತಿದ್ದಕ್ಕೆ ನೆಲದ ತೇವ ಸಾಲದು, ಅದಕ್ಕೆ ಪೈಪು.

“ಹಂಗಾದ್ರ ಇಪ್ಪತ್ತೆಂಟನೇ ನಕ್ಷತ್ರ ಒಂದು ಹುಟ್ಟೇತಿ ಅನ್ನು,” ಕಾಕಾ ನನ್ನ ಕಡೆ ತಿರುಗಿದರು. “ರವಿವಾರದ ಮಳಿ.”

ನನಗೆ ಆ ಯಜಮಾನರ ಬಗ್ಗೆ ಮೆಚ್ಚುಗೆಯೇ ಹುಟ್ಟಿತು. ಆಕಾಶ ನೋಡಿ ಬಿತ್ತುವುದು ಕಷ್ಟ ನಿಜ, ಪುಣೆಯ ಐಟಿ ಕಂಪನಿಯವರ ರಜೆ ನೋಡಿ ಬಿತ್ತುವುದೇನು ಸುಲಭವೇ? ಬೀಜವನ್ನೂ ಆರಿಸಿ ಹಾಕಿದ್ದರು. ರೊಟ್ಟಿಗೆ ಮಾಲದಂಡಿ ಮೇಲು, ಸೀತನಿಗೆ ಬೇಕಾದದ್ದು ಸಿಪ್ಪೆ ಬೇಗ ಬಿಡುವ ಸಿಹಿಗಾಳು. ಹಳೆಯ ಸುರ್ತಿ, ಗುಳಭೇಂಡಿಗಳ ಜೊತೆಗೆ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಇದಕ್ಕೆಂದೇ ‘ಫುಲೆ ಉತ್ತರಾ’, ‘ಫುಲೆ ಮಧುರ್’ ತಳಿ ಕೊಟ್ಟಿದ್ದಾರೆ. ನಮ್ಮ ಕಡೆ ಸಕ್ಕರಿ ಮುಕ್ಕರಿ ಜೋಳ ಇದೆಯಲ್ಲ, ಅದರದ್ದೂ ಇದೇ ಕೆಲಸ. ಆದರೆ ಅಲ್ಲಿ ಅದು ಹೊಲದ ಮೂಲೆಯ ನಾಲ್ಕು ಸಾಲು ಮಾತ್ರ. ರಾಶಿಯ ಲೆಕ್ಕಕ್ಕೆ ಬಾರದ್ದು, ಎಳ್ಳಮಾಸಿಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯದ ಅಡುಗೆ ಎರಚಲು ಬಂದವರು, ದಾರಿಯಲ್ಲಿ ಹೋಗುವವರು ತಿಂದುಹೋಗುವಂಥದ್ದು. ಇಲ್ಲಿ ಆ ಮೂಲೆಯೇ ಹಿಗ್ಗಿ ಇಡೀ ಹೊಲವಾಗಿದೆ. ಬೇಸರ ಮಾಡಿಕೊಳ್ಳಬೇಕೆಂದು ನೋಡಿದೆ, ಆಗಲಿಲ್ಲ. ಒಣ ಜೋಳವನ್ನು ಅಡತಿ ಅಂಗಡಿಗೆ ಹಾಕಿ ಅವರು ಹೇಳಿದ ದರಕ್ಕೆ ತಲೆ ಅಲ್ಲಾಡಿಸುವುದಕ್ಕಿಂತ ಇದು ಲೇಸಲ್ಲವೇ? ತೆನೆ ಮುರಿದ ಮೇಲೂ ದಂಟು ಇನ್ನೂ ಹಸಿರಾಗಿರುತ್ತದೆ, ಅದು ಎಮ್ಮೆಯ ಪಾಲು. ಒಣಗಿದ ಕಣಕಿಗಿಂತ ಎಮ್ಮೆಗೂ ಅದೇ ಇಷ್ಟ.

ತಿನ್ನುವ ವಿಷಯಕ್ಕೆ ಬಂದರೆ, ಅಲ್ಲಿ ಮಾತ್ರ ಹೊಸದೇನೂ ಆಗಿಲ್ಲ. ನೆಲದಲ್ಲಿ ತೋಡಿದ ಕುಣಿ, ಕುಳ್ಳಿನ ಕೆಂಡ. ತೆನೆಯನ್ನು ದಂಟಿನ ತುಂಡಿನ ಸಮೇತ ಬೂದಿಯೊಳಗೆ ಚುಚ್ಚಿ ತಿರುವುತ್ತಾರೆ. ಹಸಿರು ತುಸು ಕಂದಿದ ಕೂಡಲೇ ಎಳೆದು, ಬೂದಿ ಜಾಡಿಸಿ, ಬಿಸಿಯಿರುವಾಗಲೇ ಎರಡೂ ಅಂಗೈ ನಡುವೆ ತಿಕ್ಕುತ್ತಾರೆ. ತಣ್ಣಗಾದರೆ ಕಾಳು ಸಿಪ್ಪೆ ಬಿಡುವುದಿಲ್ಲ, ಹಾಗಾಗಿ ತಿಕ್ಕುವವರ ಅಂಗೈ ಚರ್ಮ ದಪ್ಪ. ಹೊಟ್ಟು ಊದಿದರೆ ಹಸಿರು ಮುತ್ತಿನಂಥ ಕಾಳು. ಜೊತೆಗೆ ಶೇಂಗಾ ಚಟ್ನಿ, ಬೆಳ್ಳುಳ್ಳಿ ಚಟ್ನಿ, ಗಟ್ಟಿ ಮೊಸರು, ಬೆಲ್ಲ. ಈಚೆಗೆ ಯಾರೋ ಅದಕ್ಕೆ ಚೀಸ್ ಹಾಕಿ ಕೊಡುತ್ತಿದ್ದಾರಂತೆ. ಆ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಮಕ್ಕಳು ಓದುತ್ತಾರೆ.

ಮಕ್ಕಳಿಗೆ ಕವಣೆ ಬೀಸುವ ಆಟವೂ ಟಿಕೆಟಿನಲ್ಲೇ ಬರುತ್ತದೆ. ಹಾಲುಗಾಳಿನ ಹೊತ್ತಿಗೇ ಹಕ್ಕಿಗಳ ಹಿಂಡು ಇಳಿಯುವುದು, ಅಟ್ಟಣಿಗೆ ಮೇಲೆ ನಿಂತು ಬೆಳಗಿನಿಂದ ಸಂಜೆಯವರೆಗೆ ಕೂಗಿ ಗಂಟಲು ಒಡೆದುಕೊಂಡವರಿಗೆ ಅದರ ಸಂಕಟ ಗೊತ್ತು. ನಮ್ಮ ಸೊಸೈಟಿಯ ಹುಡುಗರು ಬೀಸಿದ ಕಲ್ಲುಗಳು ಹಕ್ಕಿಗಳನ್ನು ಬಿಟ್ಟು ಬೇರೆಲ್ಲ ಕಡೆಗೂ ಹೋದವು. ಒಂದು ಟೆಂಪೋದ ತಗಡಿಗೆ ಬಡಿಯಿತು.

ಕಾಕಾಗೆ ಬದುವಿನಲ್ಲಿ ಕುಸುಬಿ ಇಲ್ಲದ್ದು ಸರಿಬರಲಿಲ್ಲ. ಜೋಳದ ಸುತ್ತ ನಾಲ್ಕು ಸಾಲು ಕುಸುಬಿ ಹಾಕಿದರೆ ಮುಳ್ಳಿಗೆ ಹೆದರಿ ದನ ಬಾಯಿ ಹಾಕುವುದಿಲ್ಲ, ಮೇಲೆ ಎಣ್ಣೆಯೂ ಸಿಕ್ಕಿತು. ಯಜಮಾನರು ಒಪ್ಪಿದರು, ಆದರೆ ಬಂದವರ ಸೀರೆಗೆ, ಮಕ್ಕಳ ಕಾಲಿಗೆ ಚುಚ್ಚುತ್ತದೆ, ಆಮೇಲೆ ಗೂಗಲಿನಲ್ಲಿ ಒಂದೇ ಸ್ಟಾರ್ ಕೊಡುತ್ತಾರೆ ಎಂದರು. ಕಾಕಾಗೆ ಅದು ಯಾವ ನಕ್ಷತ್ರವೆಂದು ನಾನು ಬಿಡಿಸಿ ಹೇಳಬೇಕಾಯಿತು.

ಆಚೆ ತುದಿಯಲ್ಲಿ ಒಂದು ಪಟ್ಟಿ ಮಾತ್ರ ಬೆಳ್ಳಗೆ ಬಲಿತು ನಿಂತಿತ್ತು. ಅದು ಹದಕ್ಕೆ ಬಂದ ರವಿವಾರ ಬುಕ್ ಮಾಡಿದ್ದ ದೊಡ್ಡ ಗುಂಪು ಬರಲೇ ಇಲ್ಲವಂತೆ. ಮುಂದಿನ ವಾರಕ್ಕೆ ಉಗುರು ಇಳಿಯದಷ್ಟು ಗಟ್ಟಿಯಾಯಿತು, ಇನ್ನು ಮನೆಯ ರೊಟ್ಟಿಗೆ ಇಟ್ಟುಕೊಳ್ಳುತ್ತೇವೆ ಎಂದರು. ಕಾಕಾ ಒಂದು ತೆನೆ ಮುರಿದು, ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು ನೋಡಿದರು. ರಾಶಿಯಾದ ಮೇಲೆ ಮಗಳ ಮನೆಗೆ ಅರ್ಧ ಚೀಲ ಬೇಕು, ದರ ಹೇಳಿ ಎಂದು ಶುರುಮಾಡಿದರು. ತಲೆಗೆ ಇಷ್ಟೆಂದು ಹೇಳಿದ ಸೀತನಿಯ ಟಿಕೆಟ್ಟಿಗೆ ಚಕಾರ ಎತ್ತದೆ ದುಡ್ಡು ಎಣಿಸಿಕೊಟ್ಟಿದ್ದ ಮನುಷ್ಯ! ಟೆಂಪೋದವ ಹಾರ್ನ್ ಹೊಡೆಯುತ್ತಲೇ ಇದ್ದ, ಇವರಿಬ್ಬರೂ ಬದುವಿನ ಮೇಲೆ ಕೂತು ಕಿಲೋಕ್ಕೆ ಎರಡು ರೂಪಾಯಿಗಾಗಿ ಜಗ್ಗಾಡುತ್ತಲೇ ಇದ್ದರು.