ಬಣ್ಣ ಹಚ್ಚದೆ ಬಂದ ರಾಕ್ಷಸ

ಇವತ್ತು 2025ರ ಆಗಸ್ಟ್ 2, ಶನಿವಾರ. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಲ್ಯೂಡಬ್ಲ್ಯೂಇ ಕಂಪನಿಯ ವಾರದ ರೆಸ್ಲಿಂಗ್ ಶೋ ಸ್ಮ್ಯಾಕ್‌ಡೌನ್ ಹಾಕಿದೆ. ಹೊರಗೆ ಮುಂಬಯಿಯ ಮುಲುಂಡಿನ ಮಳೆ, ಒಳಗೆ ನಾನು, ಒಂದು ಲೋಟ ಕಾಫಿ. ಅಮೆರಿಕದ ರೆಸ್ಲರ್ ಜಾನ್ ಸೀನಾ ಬಂದ, ಮೈಕ್ ಹಿಡಿದ, ಐದು ತಿಂಗಳಿಂದ ಹೊತ್ತುಕೊಂಡಿದ್ದ ಕೆಟ್ಟವನ ಪಾತ್ರವನ್ನು ಒಂದು ಭಾಷಣದಲ್ಲಿ ಇಳಿಸಿಬಿಟ್ಟ. ಅಲ್ಲಿದ್ದ ಜನ ಕುಣಿದಾಡಿದರು. ನನಗೂ ಖುಷಿ ಆಗಬೇಕಿತ್ತು. ನನಗೆ ಸಿಟ್ಟು ಬಂತು. ಕಾಫಿ ಆರಿಹೋಯಿತು, ಸಿಟ್ಟು ಇನ್ನೂ ಆರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ರೆಸ್ಲಿಂಗ್ ಹುಚ್ಚು ನಿಮಗೆಲ್ಲ ಗೊತ್ತು. ಸಾಕಿನಾಕಾದ ಚಾಳಿನಲ್ಲಿ ಪಕ್ಕದ ಮನೆಯವರ ಟಿವಿ ಮುಂದೆ ಕೂತು ಅಂಡರ್‌ಟೇಕರ್ ನೋಡಿ ಬೆಳೆದವನು ನಾನು. ‘ಅದೆಲ್ಲ ಸುಳ್ಳು, ಮೊದಲೇ ಮಾತಾಡಿಕೊಂಡು ಹೊಡೆದಾಡ್ತಾರೆ’ ಎಂದು ದಯವಿಟ್ಟು ಯಾರೂ ಕಮೆಂಟ್ ಹಾಕಬೇಡಿ. ಗೊತ್ತು. ಯಕ್ಷಗಾನದಲ್ಲಿ ಕೌರವ ಸಾಯುತ್ತಾನೆ ಎಂಬುದೂ ನನಗೆ ಮೊದಲೇ ಗೊತ್ತು. ಆದರೂ ಬೆಳಗಿನ ತನಕ ಕೂರುತ್ತೇನೆ, ಅಲ್ವಾ?

ರೆಸ್ಲಿಂಗ್ ನೋಡದವರಿಗಾಗಿ ಕಥೆ ಇಷ್ಟು. 2024ರ ಜುಲೈನಲ್ಲಿ ಟೊರಾಂಟೊದಲ್ಲಿ ಸೀನಾ ಬಂದು, 2025 ತನ್ನ ಕೊನೆಯ ವರ್ಷ ಎಂದು ಹೇಳಿದ. ಕೊನೆಯದಾಗಿ ಒಂದು ಸುತ್ತು ಬರುತ್ತೇನೆ, ಆಮೇಲೆ ಮುಗಿಯಿತು ಎಂದ. ಜನವರಿಯಲ್ಲಿ ಬಂದ. ಮಾರ್ಚ್ 1ಕ್ಕೆ, ಅದೇ ಟೊರಾಂಟೊದಲ್ಲಿ, ಎಲಿಮಿನೇಷನ್ ಚೇಂಬರ್ ಎಂಬ ಪಂದ್ಯ ಗೆದ್ದ. ಚಾಂಪಿಯನ್ ಕೋಡಿ ರೋಡ್ಸ್ ರಿಂಗಿಗೆ ಬಂದ. ಹಳೆಯ ಚಾಂಪಿಯನ್, ಈಗ ಹಾಲಿವುಡ್ ನಟನಾದ ದಿ ರಾಕ್ ಕೂಡ ಬಂದ. ‘ನಿನ್ನ ಆತ್ಮವನ್ನು ನನಗೆ ಕೊಡು’ ಎಂದು ರಾಕ್ ಮೊದಲೇ ಕೋಡಿಯನ್ನು ಕೇಳಿದ್ದ. ಕೋಡಿ ಆಗುವುದಿಲ್ಲ ಎಂದ. ಸೀನಾ ಕೋಡಿಯನ್ನು ತಬ್ಬಿಕೊಂಡ. ರಾಕ್ ಕತ್ತಿನ ಮೇಲೆ ಬೆರಳೆಳೆದು ಸನ್ನೆ ಮಾಡಿದ. ತಬ್ಬಿಕೊಂಡವನೇ ಕೋಡಿಗೆ ಸೊಂಟದ ಕೆಳಗೆ ಹೊಡೆದ, ರಕ್ತ ಬರುವ ತನಕ ಬಿಡಲಿಲ್ಲ.

ನಮಗೆ ಅದು ಭಾನುವಾರ ಬೆಳಿಗ್ಗೆ. ಡೊಂಬಿವಲಿಯಿಂದ ಅಕ್ಕ ಬಂದಿದ್ದಳು, ಒಳಗೆ ನೀರುದೋಸೆ ಹುಯ್ಯುತ್ತಿದ್ದಳು. ಅಕ್ಕನ ಮಗ ನನ್ನ ಪಕ್ಕದಲ್ಲಿ ಕೂತಿದ್ದ. ಹತ್ತು ವರ್ಷ. ಕೈಗೆ ಸೀನಾನ ಬ್ಯಾಂಡ್. ಇಪ್ಪತ್ತು ವರ್ಷದಿಂದ ಈ ಮನುಷ್ಯ ಕೆಟ್ಟವನಾಗಲಿ ಎಂದು ಕಾಯುತ್ತಿದ್ದ ನಾನು ಎದ್ದು ನಿಂತು ಕೂಗಿದೆ. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಹುಡುಗ ಕೂಗಲಿಲ್ಲ. ‘ಮಾವ, ಅವ ಯಾಕೆ ಹೊಡೆದ?’ ಎಂದ.

‘ತಡಿ ಮಾರಾಯ, ಮುಂದಿನ ವಾರ ಹೇಳ್ತಾರೆ’ ಎಂದೆ.

ಐದು ತಿಂಗಳಾಯಿತು. ಹೇಳಲೇ ಇಲ್ಲ. ನನ್ನ ಜಗಳ ಇದೊಂದೇ.

ಹೇಳಿದ ಎಂದು ವಾದ ಮಾಡುವವರಿದ್ದಾರೆ. ಎರಡು ವಾರ ಬಿಟ್ಟು ಬ್ರಸೆಲ್ಸ್‌ನಲ್ಲಿ ಸೀನಾ ಮೈಕ್ ಹಿಡಿದು, ನೀವು ಅಭಿಮಾನಿಗಳು ಇಷ್ಟು ವರ್ಷ ನನ್ನನ್ನು ಬೈದಿರಿ, ಅವಮಾನ ಮಾಡಿದಿರಿ, ನಿಮ್ಮ ಜೊತೆ ನನ್ನ ಸಂಬಂಧ ಮುಗಿಯಿತು ಎನ್ನುವ ಅರ್ಥದಲ್ಲಿ ಮಾತಾಡಿದ. ಮಾತು ಚೆನ್ನಾಗಿತ್ತು. ಆದರೆ ಯಾರಿಗೆ ಹೇಳಿದ? ಬೈದವರು ಯಾರು ಎಂದು ನೆನಪು ಮಾಡಿಕೊಳ್ಳಿ. 2006ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಹ್ಯಾಮರ್‌ಸ್ಟೈನ್ ಬಾಲ್‌ರೂಮಿನಲ್ಲಿ ‘ಸೀನಾ ಗೆದ್ದರೆ ದಂಗೆ ಏಳ್ತೀವಿ’ ಎಂಬ ಬೋರ್ಡು ಹಿಡಿದ ಗಂಡಸರು. ಅವರು ಬೈದದ್ದೇ ಅವನು ತೀರಾ ಒಳ್ಳೆಯವನು ಎಂದು. ಅವನು ಕೆಟ್ಟವನಾದರೆ ಅವರಿಗೆ ಹಬ್ಬ. ನನ್ನಂಥವರು ಅವರು. ಇನ್ನೊಂದು ಕಡೆ ಮಕ್ಕಳು. ಅವರು ಒಂದು ದಿನವೂ ಬೈದವರಲ್ಲ. ಬೈದವರಿಗೆ ಸೀನಾ ಬೇಕಾದ್ದನ್ನು ಕೊಟ್ಟ, ಬೈಯದವರಿಗೆ ಶಿಕ್ಷೆ ಕೊಟ್ಟ. ಅವನು ಯಾರ ಮೇಲೆ ಸಿಟ್ಟಾಗಿದ್ದಾನೋ ಆ ಮನುಷ್ಯ ಆ ಸ್ಟೇಡಿಯಂನಲ್ಲಿ ಇರಲೇ ಇಲ್ಲ.

ಅಕ್ಕನ ಮಗ, ನನ್ನ ಅಳಿಯ, ಆ ಮಾತು ಕೇಳಿ ‘ನಾನೆಂತ ಮಾಡಿದೆ?’ ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀನಾನ ಹತ್ತಿರವೂ ಇರಲಿಲ್ಲ.

ಇನ್ನು ರಾಕ್. ಇಡೀ ಕಥೆಗೆ ಬೆಂಕಿ ಹಚ್ಚಿದ್ದೇ ಅವನು. ಆತ್ಮ ಕೇಳಿದವನು ಅವನು, ಸನ್ನೆ ಮಾಡಿದವನು ಅವನು. ಸೀನಾ ಆತ್ಮ ಮಾರಿದನೇ? ಎಷ್ಟಕ್ಕೆ? ಮಾರುವ ದರ್ದು ಏನಿತ್ತು? ಏಪ್ರಿಲ್ 20ರಂದು ಲಾಸ್ ವೇಗಸ್‌ನಲ್ಲಿ ರೆಸಲ್‌ಮೇನಿಯಾ, ವರ್ಷದ ಅತಿ ದೊಡ್ಡ ಕಾರ್ಯಕ್ರಮ, ಸೀನಾ ಮತ್ತು ಕೋಡಿಯ ಆಟ. ರಾಕ್ ಬರಲೇ ಇಲ್ಲ. ನಮಗೆ ಅದು ಸೋಮವಾರ ಬೆಳಿಗ್ಗೆ, ನಾನು ಆಫೀಸಿಗೆ ತಡವಾಗಿ ಬರುತ್ತೇನೆ ಎಂದು ಹೇಳಿ ಕೂತಿದ್ದೆ. ರಾಕ್ ಬದಲಿಗೆ ಟ್ರಾವಿಸ್ ಸ್ಕಾಟ್ ಎಂಬ ರ್‍ಯಾಪ್ ಹಾಡುಗಾರ ಬಂದು ನಡುವೆ ಕೈ ಹಾಕಿದ. ಸೀನಾ ಮತ್ತೆ ಕೋಡಿಗೆ ಸೊಂಟದ ಕೆಳಗೆ ಹೊಡೆದು, ಚಾಂಪಿಯನ್ ಬೆಲ್ಟಿನಿಂದ ಬಾರಿಸಿ ಗೆದ್ದ. ಹದಿನೇಳನೇ ವಿಶ್ವ ಚಾಂಪಿಯನ್ ಪಟ್ಟ. ಹಳೆಯ ರೆಸ್ಲರ್ ರಿಕ್ ಫ್ಲೇರ್‌ನ ಹದಿನಾರರ ದಾಖಲೆ ಹೋಯಿತು. 2017ರ ಜನವರಿಯಲ್ಲಿ ಹದಿನಾರನೆಯದು ಗೆದ್ದ ದಿನದಿಂದ ನಾನು ಈ ಗಳಿಗೆಗೆ ಕಾದಿದ್ದೆ. ಎಂಟು ವರ್ಷ. ಬಂದಾಗ ಚಪ್ಪಾಳೆ ತಟ್ಟಬೇಕೋ ಛೀ ಎನ್ನಬೇಕೋ ತಿಳಿಯದೆ ಸುಮ್ನೆ ಕೂತಿದ್ದೆ. ಚಪ್ಪಾಳೆಯೂ ಇಲ್ಲ, ಛೀಮಾರಿಯೂ ಇಲ್ಲ. ಒಂದು ಪಾತ್ರಕ್ಕೆ ಇದಕ್ಕಿಂತ ಕೆಟ್ಟ ಗತಿ ಏನಿದೆ?

ಕಳೆದ ಭಾನುವಾರ ಯಕ್ಷಗಾನ ನೋಡಲು ಹೋಗಿದ್ದೆ. ಮಳೆಗಾಲದಲ್ಲಿ ಊರಲ್ಲಿ ಆಟ ಇರುವುದಿಲ್ಲ, ಕಲಾವಿದರು ಮುಂಬಯಿಗೆ ಬರುತ್ತಾರೆ, ನಮಗೆ ಆಗಸ್ಟ್ ಬಂತೆಂದರೆ ಸುಗ್ಗಿ. ಆಟಕ್ಕೆ ಮುಂಚೆ ಬಣ್ಣ ಹಚ್ಚುವ ಚೌಕಿಗೆ ಹೋಗಿ ನಿಂತೆ. ಅಪ್ಪ ಕಲಿಸಿದ ಚಾಳಿ ಅದು. ಬಣ್ಣದ ವೇಷದವರು ನೆಲದ ಮೇಲೆ ಕೂತು, ಕನ್ನಡಿ ಹಿಡಿದು, ಮುಖಕ್ಕೆ ಅಕ್ಕಿಹಿಟ್ಟಿನ ಚುಕ್ಕಿಗಳ ಚಿಟ್ಟಿ ಇಡುತ್ತಿದ್ದರು. ಒಂದು ಸಾಲು ಇಟ್ಟು, ಒಣಗಲು ಬಿಟ್ಟು, ಮತ್ತೊಂದು ಸಾಲು. ಗಂಟೆಗಟ್ಟಲೆ. ಆ ಮನುಷ್ಯನ ಮುಖ ಸ್ವಲ್ಪ ಸ್ವಲ್ಪವೇ ಮಾಯವಾಗಿ ರಾಕ್ಷಸನ ಮುಖ ಬರುವುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅವರ ಪ್ರವೇಶ. ಮೊದಲು ಒಳಗಿನಿಂದ ಅಬ್ಬರ. ಚೆಂಡೆಯ ಪೆಟ್ಟೇ ಬೇರೆ. ತೆರೆಯ ಹಿಂದೆ ಕಿರೀಟ ಮಾತ್ರ ಕಾಣಿಸುತ್ತದೆ. ನನ್ನ ಮುಂದಿನ ಸಾಲಿನ ಮಗು ಅಮ್ಮನ ಮಡಿಲಿಗೆ ಮುಖ ಹುದುಗಿಸಿತು. ಅವರು ಇನ್ನೂ ಒಂದು ಮಾತೂ ಆಡಿರಲಿಲ್ಲ!

ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತೇ ಮೂವತ್ತು ವರ್ಷ ಕಳೆದವರು. ನಾನು ಚಿಕ್ಕವನಿದ್ದಾಗ, ಬಣ್ಣ ಸರಿ ಹಚ್ಚದ ಒಬ್ಬ ವೇಷಧಾರಿ ರಂಗಸ್ಥಳದಲ್ಲಿ ಕಿರುಚಾಡಿದ್ದನ್ನು ನೋಡಿ, ‘ಬಣ್ಣ ಇಲ್ಲದೆ ಅಬ್ಬರಿಸಿದರೆ ಅದು ಬೊಬ್ಬೆ ಅಷ್ಟೇ ಮಗಾ’ ಎಂದಿದ್ದರು. ಐದು ತಿಂಗಳು ಸೀನಾನನ್ನು ನೋಡುವಾಗೆಲ್ಲ ಅಪ್ಪನ ಈ ಮಾತೇ ಕಿವಿಯಲ್ಲಿ.

ನೋಡಿ, ಸೀನಾ ಕೆಟ್ಟವನಾದ ಮೇಲೆ ಬದಲಾದದ್ದಾದರೂ ಏನು? ಮೊಣಕಾಲು ಮುಚ್ಚುವ ಅದೇ ಜೀನ್ಸ್ ಚಡ್ಡಿ. ಅದೇ ಟೋಪಿ. ಅದೇ ಹಾಡು. ಆ ಹಾಡಿನ ಧಾಟಿಗೆ ಜನ ವರ್ಷಗಳಿಂದ ‘ಜಾನ್ ಸೀನಾ ಸಕ್ಸ್’ ಎಂದು ಖುಷಿಯಾಗಿ ಹಾಡುತ್ತಾರೆ, ಈಗಲೂ ಹಾಡಿದರು. ಮೊದಲು ಓಡಿ ಬರುತ್ತಿದ್ದ, ಈಗ ನಿಧಾನ ನಡೆದು ಬಂದ. ಮೊದಲು ನಗುತ್ತಿದ್ದ, ಈಗ ಮುಖ ಗಂಟು ಹಾಕಿದ. ಇಷ್ಟೇ. ಇಪ್ಪತ್ತು ವರ್ಷ ಒಂದೇ ವೇಷದಲ್ಲಿ ನೋಡಿದ ಮನುಷ್ಯನನ್ನು ಅದೇ ವೇಷದಲ್ಲಿ ತಂದು ನಿಲ್ಲಿಸಿ, ಇವನು ಬೇರೆಯವನು ಎಂದು ನಂಬಿ ಎಂದರೆ ಹೇಗೆ ನಂಬುವುದು?

1996ರ ಜುಲೈ 7 ನೆನಪಿದೆಯಾ? ಹಲ್ಕ್ ಹೋಗನ್ ಕೆಟ್ಟವನಾದ ದಿನ. ಆಗ ನಮಗೆ ಅದು ಟಿವಿಯಲ್ಲಿ ಸಿಕ್ಕಿರಲಿಲ್ಲ, ಆಮೇಲೆ ನೋಡಿದ್ದು. ಹೋಗನ್ ಎಂದರೆ ಹಳದಿ, ಕೆಂಪು. ಮಕ್ಕಳಿಗೆ ವಿಟಮಿನ್ ತಿನ್ನಿ, ಪ್ರಾರ್ಥನೆ ಮಾಡಿ ಎನ್ನುತ್ತಿದ್ದವನು. ಕೆಟ್ಟವನಾದ ಮೇಲೆ ಮೈಮೇಲೆ ಹಳದಿ ಉಳಿಯಲಿಲ್ಲ. ಕಪ್ಪು ಬಟ್ಟೆ, ಕಪ್ಪು ಬಳಿದ ಗಡ್ಡ, ಹಾಲಿವುಡ್ ಎಂಬ ಹೊಸ ಹೆಸರು, ಎನ್‌ಡಬ್ಲ್ಯೂಒ ಎಂಬ ಹೊಸ ಗುಂಪು, ಹೊಸ ಸಂಗೀತ. ಪೂರ್ತಿ ಬಣ್ಣದ ವೇಷ. ಜನ ಮೊದಲ ದಿನವೇ ರಿಂಗಿಗೆ ಕಸ ಎಸೆದರು. ಆದರೆ 2001ರಲ್ಲಿ ಜನರ ಮೆಚ್ಚಿನ ಸ್ಟೋನ್ ಕೋಲ್ಡ್ ಆಸ್ಟಿನ್ ಏನು ಮಾಡಿದ? ಹ್ಯೂಸ್ಟನ್‌ನಲ್ಲಿ, ತನ್ನದೇ ಟೆಕ್ಸಸ್ ಜನರ ಮುಂದೆ, ಬದ್ಧವೈರಿಯಾಗಿದ್ದ ಕಂಪನಿಯ ಯಜಮಾನ ವಿನ್ಸ್ ಮೆಕ್‌ಮಹನ್ ಕೈ ಕುಲುಕಿದ. ವೇಷ ಅದೇ ಕಪ್ಪು ಚಡ್ಡಿ, ಪ್ರವೇಶಕ್ಕೆ ಅದೇ ಗಾಜು ಒಡೆಯುವ ಸದ್ದು. ಜನ ಅವನನ್ನು ದ್ವೇಷಿಸಲು ತಯಾರೇ ಇರಲಿಲ್ಲ. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಅವನೇ ಹೇಳಿಕೊಂಡ. ಈ ಎರಡೂ ಪಾಠ ಕಣ್ಣ ಮುಂದೆ ಇದ್ದವು. ಕಂಪನಿಯವರು ಎರಡನೆಯದನ್ನೇ ಮತ್ತೆ ಮಾಡಿದರು.

ವೇಷ ಬದಲಿಸಲೇಬೇಕೆಂಬ ಹಟ ನನಗಿಲ್ಲ. ಕಾರಣ ಕೊಡಿ, ಅದೇ ಚಡ್ಡಿಯಲ್ಲಿ ಬಂದರೂ ಒಪ್ಪುತ್ತೇನೆ. ನಮ್ಮ ರಂಗಸ್ಥಳದ ಯಾವ ಖಳನಾದರೂ ಬಂದವನೇ ಮೊದಲು ಏನು ಮಾಡುತ್ತಾನೆ? ತಾನು ಯಾರು, ತನಗೆ ಏನು ನೋವು ಎಂದು ಹೇಳುತ್ತಾನೆ. ರಾವಣನಿಗೆ ತಂಗಿಯ ಮೂಗು ಹೋಗಿದೆ. ಕೌರವನಿಗೆ ತುಂಬಿದ ಸಭೆಯಲ್ಲಿ ನಗಿಸಿಕೊಂಡ ಉರಿ ಇದೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಒಂದು ಗಳಿಗೆ ನಾವೂ ಕೌರವನ ಪಕ್ಷ. ಅವನು ತಪ್ಪು ಎಂದು ಗೊತ್ತು, ಆದರೂ ಅವನ ಜಾಗದಲ್ಲಿ ನಿಂತರೆ ಅವನು ಸರಿ. ಆಗ ಅವನು ಸೋಲುವುದಕ್ಕೂ ಬೆಲೆ ಬರುತ್ತದೆ. ಸೀನಾನಿಗೆ ಕಾರಣ ಇರಲಿಲ್ಲ ಎಂದೇನೂ ಅಲ್ಲ. ನಲವತ್ತೆಂಟು ವರ್ಷ. ಮೈ ಮೊದಲಿನ ಹಾಗೆ ಕೇಳುವುದಿಲ್ಲ. ಹದಿನೇಳನೆಯದಕ್ಕೆ ಇದೇ ಕೊನೆಯ ಅವಕಾಶ, ಎದುರಿಗೆ ತನಗಿಂತ ಗಟ್ಟಿ ಹುಡುಗ. ನ್ಯಾಯವಾಗಿ ಗೆಲ್ಲಲು ಆಗುವುದಿಲ್ಲ ಎಂಬ ಹೆದರಿಕೆ. ಇಷ್ಟು ಹೇಳಿದ್ದರೆ ಸಾಕಿತ್ತು! ವಯಸ್ಸಾಗುತ್ತಿರುವ ಗಂಡಸಿನ ಹೆದರಿಕೆ ನಮಗೆ ಅರ್ಥವಾಗದೇ ಇರುತ್ತಿತ್ತಾ? ನಾನೇ ಈಗ ನಲವತ್ತೊಂದು. ಆಫೀಸಿನಲ್ಲಿ ಇಪ್ಪತ್ತೈದರ ಹುಡುಗರು ನನಗಿಂತ ಬೇಗ ಕೆಲಸ ಮುಗಿಸಿ ಎದ್ದು ಹೋಗುವಾಗ ನನ್ನೊಳಗೆ ಏಳುವ ಒಂದು ಕೆಟ್ಟ ಯೋಚನೆ ಇದೆ. ಅದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆ ಸೀನಾ ಬಂದಿದ್ದರೆ ನಾನು ಅವನನ್ನು ದ್ವೇಷಿಸುತ್ತಲೇ ಅಳುತ್ತಿದ್ದೆ.

ಅದರ ಬದಲು ಬಂದದ್ದು ‘ರೆಸ್ಲಿಂಗನ್ನೇ ಹಾಳು ಮಾಡುತ್ತೇನೆ, ಬೆಲ್ಟ್ ಮನೆಗೆ ತಗೊಂಡು ಹೋಗುತ್ತೇನೆ’ ಎಂಬ ಮಾತು. ಯಾಕೆ ಹಾಳು ಮಾಡಬೇಕು? ಮೇ ತಿಂಗಳಲ್ಲಿ ರ್‍ಯಾಂಡಿ ಆರ್ಟನ್ ಜೊತೆ ಆಡಿದ, ಜೂನ್‌ನಲ್ಲಿ ಸಿಎಂ ಪಂಕ್ ಜೊತೆ. ಎರಡೂ ಹಳೆಯ ವೈರ. ಅಲ್ಲೂ ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಆರ್-ಟ್ರೂಥ್ ಎಂಬ ರೆಸ್ಲರ್ ಒಬ್ಬ ಮಾತ್ರ ಹೊಳೆದ. ಸೀನಾನಿಗಿಂತ ದೊಡ್ಡವನಾಗಿದ್ದೂ ‘ಸೀನಾ ನನ್ನ ಬಾಲ್ಯದ ಹೀರೋ’ ಎನ್ನುತ್ತಾ ಹೊಡೆಸಿಕೊಂಡ ಆ ಮನುಷ್ಯನಲ್ಲಿ ನಮಗೆ ನಮ್ಮ ಮಕ್ಕಳೇ ಕಂಡರು. ಜೂನ್‌ನಲ್ಲಿ ಅವನು ತಿರುಗಿ ಬಿದ್ದು ಸೀನಾನಿಗೆ ಬಾರಿಸಿದಾಗ ನನ್ನ ಅಳಿಯ ತಿಂಗಳುಗಳ ನಂತರ ಮೊದಲ ಸಲ ಕೂಗಿದ.

‘ಅಯ್ಯೋ, ಖಳನಾಯಕ ಎಂದ ಮೇಲೆ ಜನಕ್ಕೆ ಇಷ್ಟ ಆಗಬಾರದು, ನಿನಗೆ ಸಿಟ್ಟು ಬಂತಲ್ಲ, ಅಲ್ಲಿಗೆ ಪಾತ್ರ ಗೆದ್ದ ಹಾಗೆ’ ಎಂದು ನನ್ನ ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ಈ ಮಾತು ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ. ರಾವಣನ ಮೇಲೆ ಬರುವ ಸಿಟ್ಟು ಬೇರೆ, ಆಟ ಕೆಡಿಸಿದ ಮೇಳದ ಮೇಲೆ ಬರುವ ಸಿಟ್ಟು ಬೇರೆ. ನನಗೆ ಸೀನಾ ಮೇಲೆ ಸಿಟ್ಟಿಲ್ಲ. ಕಥೆ ಬರೆದವರ ಮೇಲೆ ಸಿಟ್ಟು. ವರ್ಷಕ್ಕೆ ಕೆಲವೇ ದಿನ ಬರುವವನ ಕೈಯಲ್ಲಿ ಇನ್ನೇನು ಮಾಡಿಸಲು ಆಗುತ್ತದೆ ಎಂದೂ ಆ ಗೆಳೆಯ ಕೇಳಿದ. ದಿನ ಕಡಿಮೆ ಇದ್ದರೆ ಕಾರಣವನ್ನು ಮೊದಲ ದಿನವೇ ಹೇಳಬೇಕಲ್ವಾ?

ನನಗೆ ಇಷ್ಟು ನೋವಾಗಲು ಇನ್ನೊಂದು ಕಾರಣ ಇದೆ. 2023ರ ಸೆಪ್ಟೆಂಬರ್ 8. ಹೈದರಾಬಾದಿನ ಗಚ್ಚಿಬೌಲಿ ಸ್ಟೇಡಿಯಂ. ಸೀನಾ ಬರುತ್ತಾನೆ ಎಂದು ಗೊತ್ತಾದದ್ದೇ ಎಂಟು ವರ್ಷದ ಅಳಿಯನನ್ನು ಕರೆದುಕೊಂಡು ರಾತ್ರಿ ರೈಲು ಹತ್ತಿದೆ. ಅಕ್ಕ ಬೈದಳು, ಸ್ಕೂಲು ತಪ್ಪಿತು. ಸೀನಾ ಸೆತ್ ರೋಲಿನ್ಸ್ ಜೊತೆ ಸೇರಿ ಆಡಿ ಗೆದ್ದ. ಹುಡುಗ ನನ್ನ ಹೆಗಲ ಮೇಲೆ ಕೂತು ಕೂಗಿ ಕೂಗಿ ಎರಡು ದಿನ ಗಂಟಲು ಕಳೆದುಕೊಂಡ. ವಾಪಸು ಬರುವಾಗ ಮೇಲಿನ ಬರ್ತಿನಲ್ಲಿ ಆ ಬ್ಯಾಂಡ್ ಹಾಕಿಕೊಂಡೇ ಮಲಗಿದ್ದ. ಕಾಯಿಲೆಯ ಮಕ್ಕಳನ್ನು ಅವರ ಆಸೆಯಂತೆ ಭೇಟಿಯಾಗುವುದನ್ನು ಸೀನಾ 650ಕ್ಕೂ ಹೆಚ್ಚು ಸಲ ಮಾಡಿದ್ದಾನೆ. ಅಂಥವನನ್ನು ಕೆಟ್ಟವನನ್ನಾಗಿ ಮಾಡುವುದಿದ್ದರೆ ಆ ಮಕ್ಕಳಿಗೆ ಒಂದು ಕಾರಣವನ್ನಾದರೂ ಕೊಡಬೇಕಿತ್ತು. ಮಾರ್ಚ್ 2ರ ಆ ಭಾನುವಾರ ಹುಡುಗ ಬ್ಯಾಂಡ್ ಬಿಚ್ಚಿ ನಮ್ಮ ಮನೆಯ ಟಿವಿ ಕೆಳಗಿನ ಡ್ರಾಯರ್‌ನಲ್ಲಿಟ್ಟ. ತಗೊಂಡು ಹೋಗಲಿಲ್ಲ. ಇನ್ನೂ ಅಲ್ಲೇ ಇದೆ.

ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ. ‘ಮಾವ, ಸೀನಾ ಪುನಃ ಒಳ್ಳೆಯವ ಆದ, ನೋಡಿದ್ರಾ?’

‘ನೋಡಿದೆ.’

‘ಯಾಕಂತೆ?’

ಮತ್ತೆ ಅದೇ ಪ್ರಶ್ನೆ. ಕೆಟ್ಟವನಾದದ್ದು ಯಾಕೆಂದು ತಿಳಿಯದಿದ್ದ ಮೇಲೆ ಒಳ್ಳೆಯವನಾದದ್ದು ಯಾಕೆಂದು ನಾನು ಏನು ಹೇಳಲಿ? ಸೋಮವಾರ ಬೆಳಗಿನ ಜಾವ ಸಮ್ಮರ್‌ಸ್ಲ್ಯಾಮ್ ಎಂಬ ದೊಡ್ಡ ಕಾರ್ಯಕ್ರಮ, ಕೋಡಿ ಜೊತೆ ಸೀನಾನ ಆಟ. ಹುಡುಗ ನಾಳೆ ರಾತ್ರಿ ಇಲ್ಲಿಗೇ ಬಂದು ಮಲಗುತ್ತಾನಂತೆ, ಅಕ್ಕ ಒಪ್ಪಿದ್ದಾಳೆ.

‘ಬ್ಯಾಂಡ್ ಇಲ್ಲೇ ಉಂಟು, ಹಾಕ್ತೀಯಾ?’ ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೋಡುವ’ ಎಂದ.