ಪ್ಲಾಸ್ಟಿಕ್ ಬೆವರಿದ ಪ್ರಸಂಗ

ಚಿಕ್ಕಮಗಳೂರಿನಲ್ಲಿ ಕಾಂಕ್ರೀಟ್ ನೆಲದ ಮೇಲೆ ಮರ ಹಾಸುತ್ತೇನೆಂದು ಹೊರಟವನಿಗೆ ಸಲಹೆಗಳಿಗೇನೂ ಬರವಿಲ್ಲ. ಚಿಕ್ಕಪ್ಪ ತಮ್ಮ ಕಾಫಿ ತೋಟದ ಸಿಲ್ವರ್ ಓಕ್ ಕಡಿಸಿ ಹಲಗೆ ಕೊಯ್ಯಿಸಿಕೊಡಲು ಮುಂದಾದರು. ಅದು ಆಸ್ಟ್ರೇಲಿಯಾ ಮೂಲದ ಮರ, ಅಂಗಡಿಯ ಓಕ್‌ಗೂ ಅದಕ್ಕೂ ಯಾವ ನಂಟೂ ಇಲ್ಲವೆಂದು ತಿಳಿಸಿದ್ದಕ್ಕೆ ಅವರಿನ್ನೂ ಮುಖ ಊದಿಸಿಕೊಂಡೇ ಇದ್ದಾರೆ.

ಇಡೀ ಮರದ ಹಲಗೆ ನಮ್ಮ ಮಳೆಗಾಲದ ತೇವಕ್ಕೆ ಅಗಲದ ದಿಕ್ಕಿನಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಎಂಜಿನಿಯರ್ಡ್ ಹಲಗೆಯಲ್ಲಾದರೋ ಮೇಲ್ಪದರ ಮಾತ್ರ ಅಸಲಿ ಮರ. ಅಡಿಯ ಪ್ಲೈವುಡ್ ಪದರಗಳನ್ನು ಒಂದರ ಎಳೆಗೆ ಇನ್ನೊಂದರದು ಅಡ್ಡ ಬರುವಂತೆ ಅಂಟಿಸಿರುವುದರಿಂದ, ಕೂಡುಕುಟುಂಬದಲ್ಲಿ ನಡೆಯುವಂತೆ, ಒಂದು ಹಿಗ್ಗಹೊರಟರೆ ಇನ್ನೊಂದು ಜಗ್ಗಿ ಹಿಡಿಯುತ್ತದೆ. ಅಂಗಡಿಯ ಹುಡುಗ ಬಣ್ಣಗಳನ್ನು ವರ್ಣಿಸುತ್ತಿದ್ದರೆ ನಾನು ತುಂಡುಗಳ ಅಂಚನ್ನೇ ದಿಟ್ಟಿಸುತ್ತಿದ್ದೆ. ಮೇಲ್ಪದರ 3-4 ಮಿ.ಮೀ. ಇದ್ದರೆ ಗೀರು ಬಿದ್ದಾಗ ಉಜ್ಜಿಸಿ ಪಾಲಿಶ್ ಹಾಕಿಸಬಹುದು, 1 ಮಿ.ಮೀ.ಗಿಂತ ತೆಳುವಾಗಿದ್ದರೆ ಉಜ್ಜಿದ ದಿನವೇ ಪ್ಲೈವುಡ್ಡಿನ ದರ್ಶನವಾದೀತು.

ನಮ್ಮ ಬಡಗಿ ಬಂದವರೇ ಅಂಗೈಯಿಂದ ನೆಲ ತಟ್ಟಿ, "ಒಣಗಿ ಕಲ್ಲಾಗಿದೆ ಸಾರ್, ನಾಳೆಯೇ ಹಾಸೋಣ" ಎಂದು ತೀರ್ಪಿತ್ತರು. ಮೇಲೆ ಒಣಗಿ ಕಂಡ ಕಾಂಕ್ರೀಟು ಒಳಗೆ ತಿಂಗಳುಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಒಂದು ಇಂಚು ದಪ್ಪ ಒಣಗಲು ಒಂದು ತಿಂಗಳು ಎಂಬ ಲೆಕ್ಕವೇನೋ ಇದೆ. ಅದನ್ನು ಹಾಕಿದವರು ಜುಲೈ ತಿಂಗಳಿನಲ್ಲಿ ನಮ್ಮ ಕಡೆಗೆ ಬಂದಿದ್ದಂತೆ ಕಾಣುವುದಿಲ್ಲ. ಹಾಗಾಗಿ ಒಳಗಿನ ತೇವ ಪರೀಕ್ಷಿಸಲೆಂದು ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಬಿಗಿದೆ. ಕನಿಷ್ಠ 16 ಗಂಟೆ ಅದನ್ನು ಅಲುಗಿಸಬಾರದು. ಸಂಜೆಯ ಹೊತ್ತಿಗೆ ಹಾಳೆ ಮಾಯವಾಗಿತ್ತು. ಕಾರ್ತಿಕದ ಬಿಸಿಲು ವ್ಯರ್ಥವಾಗಬಾರದೆಂದು ಅಮ್ಮ ಅದನ್ನು ಕಿತ್ತು, ತೊಳೆದು, ತಾರಸಿಯ ಮೇಲೆ ಸಂಡಿಗೆ ಇಟ್ಟಿದ್ದರು.

ಎರಡನೆಯ ಹಾಳೆಗೆ ಕಾವಲು ಹಾಕಿದೆ. ಮರುದಿನ ಬಿಚ್ಚಿ ನೋಡಿದರೆ ಅಡಿಮೈ ತುಂಬ ಹನಿಗಳು. ಹಾಳೆಯಿದ್ದ ಜಾಗದ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಾಗಿತ್ತು. ಬಡಗಿ ಬಾಗಿ ನೋಡಿ, ಚೂರೂ ವಿಚಲಿತರಾಗದೆ, "ಅದು ನೆಲದ ನೀರಲ್ಲ ಸಾರ್, ಪ್ಲಾಸ್ಟಿಕ್ ಬೆವರಿದ್ದು" ಎಂದರು. ಆ ಬೆವರು ಅಡಿಯಿಂದ ಹಲಗೆಗೆ ಏರಿದರೆ ಅಂಚುಗಳು ಎದ್ದು ನಡು ತಗ್ಗಾಗುತ್ತದೆಯೆಂದು ವಿವರಿಸಿ, ಕೆಲಸವನ್ನು ಶಿವರಾತ್ರಿಯ ಆಚೆಗೆ ತಳ್ಳಿದೆ.

ಹಾಸುವ ಮೊದಲು ಹಲಗೆಗಳು ಮನೆಯ ಹವೆಗೆ ಹೊಂದಿಕೊಳ್ಳಲು 48ರಿಂದ 72 ಗಂಟೆ ಒಳಗೇ ಇರಬೇಕು. ಆ ಅವಧಿಯಲ್ಲಿ ಬಂದ ನೆಂಟರೆಲ್ಲ ಪೆಟ್ಟಿಗೆಗಳ ಮೇಲೆಯೇ ಕೂತು ಕಾಫಿ ಕುಡಿದರು. ನಿಜವಾದ ಜಗಳ ಹುಟ್ಟಿದ್ದು ಗೋಡೆಯ ಬುಡದಲ್ಲಿ. ಮರ ಹಿಗ್ಗಲೆಂದು ಸುತ್ತಲೂ 10-12 ಮಿ.ಮೀ. ಸಂದು ಬಿಡಬೇಕೆಂದಾಗ, ಕೂದಲೂ ತೂರದಂತೆ ಮರ ಕೂಡಿಸುವುದೇ ಕಸುಬಾಗಿದ್ದ ಬಡಗಿಗೆ ಅದು ಘೋರ ಅವಮಾನವೆನಿಸಿತು. "ನೋಡಿದವರು ನನ್ನನ್ನು ಏನಂದಾರು?" ಎಂದವರು, ಸಂದನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆಯೆಂದ ಮೇಲೂ, ಊರಿನಲ್ಲಿ ತಮ್ಮ ಹೆಸರು ಹೇಳಬಾರದೆಂಬ ಷರತ್ತಿನ ಮೇಲೆಯೇ ಒಪ್ಪಿದರು. ಪಟ್ಟಿಯ ಮೊಳೆಗಳನ್ನು ನೆಲಕ್ಕಲ್ಲ, ಗೋಡೆಗೆ ಹೊಡೆಯಬೇಕೆಂಬ ಮಾತನ್ನು ಹೇಳಲು ನಾನು ಅವರು ಊಟ ಮುಗಿಸುವವರೆಗೆ ಕಾದೆ.

ಬಕೆಟ್ ನೀರಿನಲ್ಲಿ ಒರೆಸಬಾರದ ನೆಲವೆಂದರೆ ಅಮ್ಮನಿಗೆ ನೆಲವೇ ಅಲ್ಲ. ದೇವರ ಕೋಣೆಗೆ ಮರ ಬೇಡವೇ ಬೇಡವೆಂದು ಹಟ ಹಿಡಿದು, ಅಲ್ಲಿ ಕೆಂಪು ರೆಡ್ ಆಕ್ಸೈಡ್ ಹಾಕಿಸಿಕೊಂಡರು. ಹಲಗೆಯೂ ಅದರಡಿಯ ಫೋಮೂ ಸೇರಿ ಹಜಾರ ತುಸು ಎತ್ತರವಾಗಿರುವುದರಿಂದ ಆ ಬಾಗಿಲಿನಲ್ಲಿ ಬಂದವರು ಮುಗ್ಗರಿಸುವುದುಂಟು. ಆಗೆಲ್ಲ ಅಮ್ಮ ಒಳಗಿನಿಂದಲೇ ಎಚ್ಚರಿಸುತ್ತಾರೆ: "ನಿಧಾನ, ಇಲ್ಲಿಂದ ನೆಲ ಶುರು!"