ಲೋಡ್ ಎಳೆಯದ ಟಿಪ್ಪರ್‌ಗೆ ಮೊದಲೇ ಪಂಪು ಬಿಚ್ಚಿಸಬೇಡಿ

ಚಿಕ್ಕಬಳ್ಳಾಪುರದ ಸುತ್ತಲಿನ ಕ್ರಷರ್‌ಗಳಿಂದ ಜಲ್ಲಿ, ಎಂ-ಸ್ಯಾಂಡ್ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೆಂಗಳೂರಿನ ಕಡೆಗೆ ಓಡುವ ಟಿಪ್ಪರ್‌ಗಳ ಇಂಜಿನ್ ಕೆಲಸವೇ ನನ್ನ ಕಸುಬು. 'ಗಾಡಿಗೆ ಪಿಕಪ್ ಇಲ್ಲ' ಎಂದ ತಕ್ಷಣ ಡೀಸೆಲ್ ಒತ್ತುವ ಪಂಪು, ಅದನ್ನು ಇಂಜಿನ್ನಿನೊಳಗೆ ಚಿಮ್ಮಿಸುವ ನಾಜಲ್ ಬಿಚ್ಚಿ ರಿಪೇರಿಗೆ ಬೆಂಗಳೂರಿಗೆ ಕಳುಹಿಸುವುದು, ಅದರಿಂದಲೂ ಸರಿಹೋಗದಿದ್ದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನೇ ಹೊಸದಾಗಿ ಕೂರಿಸುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ಒಂದೇ ಗಾಡಿಯ ದುಡಿಮೆಯಲ್ಲಿ ತಿಂಗಳ ಕಂತು ಕಟ್ಟುವ ಮಾಲೀಕರ ಮೇಲೆ ಇಂಥ ಖರ್ಚನ್ನು, ಏನನ್ನೂ ಅಳೆದು ನೋಡದೆ ಹೇರುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಜಿನ್ನಿಗೆ ಡೀಸೆಲ್ಲೂ ಬೇಕು, ಅದು ಪೂರ್ತಿ ಉರಿಯುವಷ್ಟು ಗಾಳಿಯೂ ಬೇಕು. ಲೋಡ್ ಹೊತ್ತು ದಿಣ್ಣೆ ಹತ್ತುವಾಗ ಕಪ್ಪು ಹೊಗೆ ಉಗುಳುತ್ತಾ ಸೋಲುವ ಗಾಡಿಯಲ್ಲಿ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಮಂಕಾಗಿ ಸೋಲುವ ಗಾಡಿಯಲ್ಲಿ ಡೀಸೆಲ್ ಸಾಲುತ್ತಿಲ್ಲ. ನಾಜಲ್ ತೊಟ್ಟಿಕ್ಕಿದರೂ ಕಪ್ಪು ಹೊಗೆ ಬರುತ್ತದೆ ಎಂಬುದು ನಿಜ. ಆದರೆ ಗಾಳಿಯ ದಾರಿಯನ್ನು ನೋಡುವುದಕ್ಕೆ ಖರ್ಚಿಲ್ಲ, ನಾಜಲ್ ಬಿಚ್ಚುವುದಕ್ಕೆ ಖರ್ಚಿದೆ. ಆದ್ದರಿಂದ ಗಾಳಿಯೇ ಮೊದಲು.

ಕ್ರಷರ್ ಧೂಳಿನಲ್ಲಿ ದುಡಿಯುವ ಗಾಡಿಯ ಏರ್ ಫಿಲ್ಟರ್, ಹೆದ್ದಾರಿಯಲ್ಲಿ ಓಡುವ ಲಾರಿಯದಕ್ಕಿಂತ ಎಷ್ಟೋ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕೆಂದು ಕಂಪ್ರೆಸರ್ ಗಾಳಿಯನ್ನು ಪೂರ್ತಿ ಜೋರಿನಲ್ಲಿ ಬಿಟ್ಟು ಊದಿಸಿದರೆ ಕಾಗದದ ಮಡಿಕೆ ಹರಿದು, ಕಲ್ಲಿನ ಹುಡಿ ಟರ್ಬೊ ಬ್ಲೇಡನ್ನೂ ಲೈನರ್, ರಿಂಗುಗಳನ್ನೂ ಸವೆಸುತ್ತದೆ.

ಇತ್ತೀಚೆಗೆ ಹತ್ತು ಚಕ್ರದ ಗಾಡಿಯೊಂದು ಬಂದಿತ್ತು. 'ಅಣ್ಣ, ಪಂಪು ಕ್ಯಾಲಿಬ್ರೇಶನ್‌ಗೆ ಕೊಡಬೇಕಂತೆ, ಬಿಚ್ಚಿಬಿಡಿ' ಎಂದು ಚಾಲಕ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ನಿಂತಲ್ಲಿ ಇಂಜಿನ್ ಶುದ್ಧವಾಗಿ ಓಡುತ್ತಿತ್ತು, ಲೋಡ್ ಮೇಲೆ ಮಾತ್ರ ಕಪ್ಪು ಹೊಗೆ ಮತ್ತು ಸಣ್ಣ ಶಿಳ್ಳೆಯಂಥ ಸದ್ದು. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸಿನ ಕೆಳಬದಿಯಲ್ಲಿ ಅಂಗೈ ಅಗಲದ ಎಣ್ಣೆಯ ಪಸೆ, ಅದರ ಮೇಲೆ ಕ್ರಷರ್ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒರೆಸಿ, ಹೋಸನ್ನು ಕೈಯಲ್ಲಿ ಬಗ್ಗಿಸಿದಾಗ ಕ್ಲಾಂಪಿನ ಪಕ್ಕದಲ್ಲೇ ಸೀಳು ಬಾಯಿ ತೆರೆಯಿತು. ಟರ್ಬೊ ಒತ್ತಡ ಏರಿದಾಗ ಮಾತ್ರ ತೆರೆದುಕೊಳ್ಳುವ ಇಂಥ ಸೀಳು ಐಡ್ಲಿಂಗ್‌ನಲ್ಲಿ ಸಿಕ್ಕುವುದಿಲ್ಲ. ಹೋಸ್ ಮತ್ತು ಕ್ಲಾಂಪ್ ಬದಲಾಯಿಸಿದೆವು, ಪಂಪನ್ನು ಮುಟ್ಟಲಿಲ್ಲ.

ಡೀಸೆಲ್ ಕಡೆಗೆ ಬಂದರೆ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲು, ಟ್ಯಾಂಕಿನ ಜಾಲರಿ, ಟ್ಯಾಂಕಿಗೆ ಗಾಳಿ ಆಡುವ ಸಣ್ಣ ರಂಧ್ರ, ಇಷ್ಟನ್ನು ನೋಡದೆ ಮುಂದೆ ಹೋಗಬಾರದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಡೀಸೆಲ್ಲನ್ನು ಹೀರುವ ಪೈಪು. ಇಂಜಿನ್ ಓಡುವಾಗ ಅದರಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೀಗಾಗಿ ಹೊರಗೆಲ್ಲ ಒಣಗಿದೆ ಎಂಬ ಕಾರಣಕ್ಕೆ ಪೈಪು ಚೆನ್ನಾಗಿದೆ ಎಂದು ತೀರ್ಮಾನಿಸಲಾಗದು. ಅಲ್ಲಿ ಒಂದು ತುಂಡು ಪಾರದರ್ಶಕ ಪೈಪು ಜೋಡಿಸಿ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ಹೊಗೆ ನಿಯಮದ ಗಾಡಿಗಳಲ್ಲಿ ಹೊಗೆ ನೋಡುವ ಕ್ರಮ ನಡೆಯುವುದಿಲ್ಲ, ಏಕೆಂದರೆ ಮಸಿಯನ್ನು ಹೊಗೆಯ ದಾರಿಯಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ಸ್ಕ್ಯಾನರ್ ಹಾಕಿ, ಲೋಡ್ ಮೇಲೆ ಓಡಿಸುತ್ತಾ, ಇಂಜಿನ್ನಿನ ಕಂಪ್ಯೂಟರ್ ಕೇಳಿದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಎಷ್ಟು ಬಂದದ್ದೆಷ್ಟು, ಕೇಳಿದ ರೈಲ್ ಪ್ರೆಶರ್ (ಎಲ್ಲ ನಾಜಲ್‌ಗಳಿಗೂ ಡೀಸೆಲ್ ಕೊಡುವ 'ರೈಲ್' ಕೊಳವೆಯ ಒತ್ತಡ) ಎಷ್ಟು ಬಂದದ್ದೆಷ್ಟು ಎಂದು ಹೋಲಿಸಬೇಕು. ಡಿಪಿಎಫ್ ಕಟ್ಟಿಕೊಂಡಿದ್ದರೂ, ಹೊಗೆಯ ವಿಷಾನಿಲ ತಗ್ಗಿಸಲು ಹಾಕುವ, ಶೇ. 32.5 ಯೂರಿಯಾ ಇರಬೇಕಾದ ಆಡ್‌ಬ್ಲೂ ದ್ರವದ ಬದಲು ಹೊಲಕ್ಕೆ ಹಾಕುವ ಯೂರಿಯಾ ಕಲಸಿದ ನೀರು ಸುರಿದಿದ್ದರೂ, ಕಂಪ್ಯೂಟರ್ ತಾನೇ ಬಲವನ್ನು ತಗ್ಗಿಸುತ್ತದೆ. ಅದು ಇಂಜಿನ್ನಿನ ರೋಗವಲ್ಲ.

ಬ್ರೇಕ್ ಹಿಡಿದುಕೊಂಡು ಡ್ರಮ್ ಕಾದಿದ್ದರೂ, ಕ್ಲಚ್ ಜಾರುತ್ತಿದ್ದರೂ, ಹೊಗೆಯ ದಾರಿ ಮುಚ್ಚಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಕವಾಟ ಅರ್ಧ ಮುಚ್ಚಿ ನಿಂತಿದ್ದರೂ ದೂರು ಒಂದೇ: 'ಎಳೆಯುತ್ತಿಲ್ಲ'. ಚಾಲಕರನ್ನು ಕೂರಿಸಿಕೊಂಡು ಖುದ್ದಾಗಿ ಓಡಿಸದ ಮೆಕ್ಯಾನಿಕ್‌ಗೆ ಇವು ತಿಳಿಯುವುದಿಲ್ಲ.

ಹೊಸ ಹುಡುಗರಿಗೆ ಒಂದು ಮಾತು. ಹಳೆಯ ಇಂಜಿನ್ನುಗಳಲ್ಲಿ ಮಾಡುತ್ತಿದ್ದಂತೆ, ಮೇಲೆ ಹೇಳಿದ ರೈಲ್ ಇರುವ ಕಾಮನ್ ರೈಲ್ ಇಂಜಿನ್ ಓಡುತ್ತಿರುವಾಗ ನಾಜಲ್ ಪೈಪಿನ ನಟ್ಟು ಸಡಿಲಿಸಬೇಡಿ. ಅದರೊಳಗೆ 1,600 ಬಾರ್ ಮತ್ತು ಅದಕ್ಕೂ ಹೆಚ್ಚಿನ ಒತ್ತಡವಿರಬಹುದು. ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕು.

ಇಷ್ಟೆಲ್ಲ ನೋಡಿದ ಮೇಲೂ ರೈಲ್ ಪ್ರೆಶರ್ ಏರದಿದ್ದರೆ, ಪ್ರತಿ ನಾಜಲ್‌ನಿಂದ ವಾಪಸಾಗುವ ಡೀಸೆಲ್ಲನ್ನು ಬೇರೆಬೇರೆ ಅಳತೆ ಕೊಳವೆಯಲ್ಲಿ ಹಿಡಿದು ಹೋಲಿಸಿ, ಹೆಚ್ಚು ಬಿಡುತ್ತಿರುವ ನಾಜಲ್ಲನ್ನು ಗುರುತಿಸಬೇಕು. ಮಾಲೀಕರು ಆ ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡ ನಂತರವೇ ಬಿಚ್ಚಲು ಒಪ್ಪಿಗೆ ಕೊಡಲಿ.